ಅಂಗೈಯಗಲದ ಮನೆ, ಅದರೊಳಗೊಂದು ದೀಪ

ಆಟಿಕೆಯೆಂಬ ಮಾತು ಕಿವಿಗೆ ಬಿದ್ದೊಡನೆ ಹಿರಿಯರ ಮುಖದಲ್ಲಿ ಒಂದು ಬಗೆಯ ಉಪೇಕ್ಷೆ ಸುಳಿಯುತ್ತದೆ. ಅದರಲ್ಲಿಯೂ ಪುಟ್ಟ ಹಳಿಗಳ ಮೇಲೆ ಪುಟ್ಟ ರೈಲನ್ನು ಓಡಿಸುವುದು, ಆ ಹಳಿಗಳ ಬದಿಯಲ್ಲಿ ರಟ್ಟಿನ ನಿಲ್ದಾಣವೊಂದನ್ನು ಕಟ್ಟಿ ಅದರ ಕಿಟಕಿಗಳಲ್ಲಿ ದೀಪ ಬೆಳಗಿಸುವುದು ಎಂದರೆ ಸಿರಿವಂತರ ಮನೆಯ ಮಕ್ಕಳ ಕಾಲಹರಣವೆಂದೇ ಅನೇಕರ ಭಾವನೆ. ಈ ಭಾವನೆ ಅರ್ಧಸತ್ಯ. ಅಂಗಡಿಯಿಂದ ತಂದ ಸಿದ್ಧವಸ್ತುವನ್ನು ಮೇಜಿನ ಮೇಲಿರಿಸಿ ಗುಂಡಿಯೊತ್ತುವವನಿಗೆ ಅದು ಕಾಲಹರಣವೇ ಸರಿ. ತನ್ನ ಕೈಯಿಂದಲೇ ಅಳೆದು, ಕತ್ತರಿಸಿ, ಅಂಟಿಸಿ, ಕೆಡಿಸಿ, ಮರಳಿ ಕಟ್ಟುವವನ ವಿಷಯ ಬೇರೆ. ವಿದ್ಯಾಶಾಲೆಗಳಲ್ಲಿ ಈ ಭೇದವನ್ನು ಗಮನಿಸುವವರು ವಿರಳರಾಗುತ್ತಿರುವುದರಿಂದ ವಿಷಯವನ್ನು ತುಸು ವಿಸ್ತರಿಸಿ ವಿವೇಚಿಸುವುದು ಅಪ್ರಸ್ತುತವಾಗಲಾರದು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದಲ್ಲಿ ಲಾಂಗ್ ವಿಟೆನ್‌ಹ್ಯಾಮ್ ಎಂಬ ಹಳ್ಳಿಯಿದೆ. 1954ರಲ್ಲಿ ಅಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ಅದರ ಮೂಲಪುರುಷ ರಾಯ್ ಇಂಗ್ಲೆಂಡ್. ಹೆಸರಿನಲ್ಲಿಯೇ ಇಂಗ್ಲೆಂಡಿದ್ದರೂ ಆತ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿಗೆ ಬಂದ ಈತ ವೈಟ್ ಹಾರ್ಸ್ ಕಣಿವೆಯ ಹುಲ್ಲುಚಾವಣಿಯ ಹಳೆಯ ಮನೆಗಳಿಗೆ ಮನಸೋತ. ಆದರೆ ಅವು ಒಂದೊಂದಾಗಿ ರೂಪಗೆಡುತ್ತಿದ್ದುದನ್ನೂ ಕಣ್ಣಾರೆ ಕಂಡ. ತಡೆಯುವ ಅಧಿಕಾರ ಅವನಿಗಿರಲಿಲ್ಲ, ಕೊಂಡು ಉಳಿಸುವ ಹಣವಂತೂ ಇರಲಿಲ್ಲ. ಇದ್ದುದು ಎರಡು ಕೈಗಳು ಮಾತ್ರ. ಕಣಿವೆಯ ಮನೆಗಳನ್ನು ಅಳೆದು, ಪರಿಶೀಲಿಸಿ, ಮೂಲದ ಎಪ್ಪತ್ತಾರನೆಯ ಒಂದು ಅಂಶದಷ್ಟು ಗಾತ್ರದಲ್ಲಿ ರಟ್ಟಿನಿಂದ ಕಟ್ಟತೊಡಗಿದ. ಇಟ್ಟಿಗೆಯ ಸಂದುಗಳನ್ನು ರಟ್ಟಿನ ಮೇಲೆ ಗೀರಿ ಜಲವರ್ಣದಿಂದ ಬಣ್ಣ ತುಂಬುವುದು, ಕೊಳಾಯಿ ಕೆಲಸದವರು ಬಳಸುವ ನಾರನ್ನು ಎಳೆಯೆಳೆಯಾಗಿ ಹೊದಿಸಿ ಹುಲ್ಲಿನ ಮಾಡು ಮಾಡುವುದು ಆ ಸಂಗ್ರಹಾಲಯದ ಪದ್ಧತಿಯಾಯಿತು. ಒಂದೊಂದು ಮನೆಗೂ ತಿಂಗಳುಗಟ್ಟಲೆ ಶ್ರಮ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಅವನೊಡನೆ ಕೂಡಿಕೊಂಡರು. ಅವನ ಕಾಲಾನಂತರವೂ ಕೆಲಸ ನಿಲ್ಲಲಿಲ್ಲ. ಹಳೆಯ ಗ್ರೇಟ್ ವೆಸ್ಟರ್ನ್ ರೈಲ್ವೆಯ ಗಾಡಿಗಳು ಆ ಪುಟ್ಟ ಭೂದೃಶ್ಯದ ನಡುವೆ ಓಡುತ್ತವೆ. ನೆಲದ ಮೇಲೆ ಉಳಿಯದಿದ್ದುದು ಮೇಜಿನ ಮೇಲೆ ಉಳಿಯಿತು.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ಮಿನಿಯೇಚರ್ ವಂಡರ್‌ಲ್ಯಾಂಡ್ ಇದಕ್ಕಿಂತ ಬಹುಪಾಲು ದೊಡ್ಡದು. ಅಲ್ಲಿ ಗಣಕಯಂತ್ರದ ಆಜ್ಞೆಯಂತೆ ಹಗಲು ಇರುಳಾಗುತ್ತದೆ, ಪುಟ್ಟ ನಗರಗಳಲ್ಲಿ ಸಾಲುಸಾಲಾಗಿ ದೀಪಗಳು ಹೊತ್ತಿಕೊಳ್ಳುತ್ತವೆ. ನೋಡತಕ್ಕದ್ದೇ. ಆದರೆ ಶಾಲೆಯೊಂದಕ್ಕೆ ಮಾದರಿಯಾಗಬೇಕಾದುದು ಹ್ಯಾಂಬರ್ಗ್ ಅಲ್ಲ, ಪೆಂಡನ್.

ಏಕೆಂದರೆ ಈ ವಿದ್ಯೆಯ ಜೀವಾಳವಿರುವುದು ವೈಭವದಲ್ಲಲ್ಲ, ಪ್ರಮಾಣದಲ್ಲಿ. ಪೆಂಡನ್ನಿನ ಲೆಕ್ಕದಲ್ಲಿ ಒಂದು ಅಡಿಗೆ 4 ಮಿಲಿಮೀಟರ್. ಐದೂವರೆ ಅಡಿಯ ಮನುಷ್ಯ 22 ಮಿಲಿಮೀಟರ್ ಆಗುತ್ತಾನೆ, ಒಂಬತ್ತು ಅಂಗುಲದ ಇಟ್ಟಿಗೆ 3 ಮಿಲಿಮೀಟರ್ ಆಗುತ್ತದೆ. ಒಮ್ಮೆ ಅಂಗೀಕರಿಸಿದ ಈ ಅಳತೆಯನ್ನು ಬಾಗಿಲಿಗೊಂದು, ಕಿಟಕಿಗೊಂದು ಎಂದು ಬದಲಿಸುವಂತಿಲ್ಲ. ನವತಾಲವೆಂದೂ ದಶತಾಲವೆಂದೂ ಪ್ರತಿಮೆಗಳ ಅಂಗಾಂಗಗಳನ್ನು ನಿಯಮಿಸಿದ ಭಾರತೀಯ ಶಿಲ್ಪಿಗಳಿಗೆ ಈ ಶಿಸ್ತು ಹೊಸದಲ್ಲ. ಮಾನವೆಂಬ ಶಬ್ದಕ್ಕೆ ಅಳತೆಯೆಂದೂ ಅರ್ಥವಿದೆ, ಮರ್ಯಾದೆಯೆಂದೂ ಅರ್ಥವಿದೆ. ಅಳತೆ ತಪ್ಪಿದ ಶಿಲ್ಪಿಗೆ ಎರಡೂ ಒಟ್ಟಿಗೇ ಹೋಗುತ್ತಿದ್ದವು!

ಪ್ರಾರಂಭದಲ್ಲಿ ಎಲ್ಲರೂ ಎಡವುವ ಸ್ಥಳವೊಂದಿದೆ. ಒಂದು ಮಿಲಿಮೀಟರ್ ದಪ್ಪದ ರಟ್ಟನ್ನು ನಿಲ್ಲಿಸಿದರೆ ಅದು ಮೂರು ಅಂಗುಲದ ಗೋಡೆಯನ್ನು ಮಾತ್ರ ಪ್ರತಿನಿಧಿಸುತ್ತದೆ. ಹಳೆಯ ಕಲ್ಲುಗೋಡೆಯಾದರೋ ಒಂದೂವರೆ ಅಡಿ, ಎಂದರೆ 6 ಮಿಲಿಮೀಟರ್ ಬೇಕು. ಆ ದಪ್ಪವನ್ನು ತೋರಿಸದೆ ಕಿಟಕಿಯನ್ನು ಗೋಡೆಯ ಮೇಲ್ಮೈಗೇ ಅಂಟಿಸಿದರೆ ಕಟ್ಟಡವು ಕಟ್ಟಡವಾಗಿ ಕಾಣದೆ ಕ್ಯಾಲೆಂಡರಿನ ಚಿತ್ರದಂತೆ ಕಾಣುತ್ತದೆ. ತಪ್ಪು ಎಲ್ಲಿದೆಯೆಂಬುದು ವಿದ್ಯಾರ್ಥಿಗೆ ಹೊಳೆಯಬೇಕಾದರೆ ಅವನು ನಿಜವಾದ ಕಿಟಕಿಯೊಂದರ ಮುಂದೆ ಹೋಗಿ ನಿಲ್ಲಲೇಬೇಕು. ದಿನವೂ ಒರಗಿ ನಿಲ್ಲುವ ಶಾಲೆಯ ಕಿಟಕಿಯನ್ನು ಅಂದು ಮೊದಲ ಬಾರಿಗೆ ನೋಡುತ್ತಾನೆ.

ದೀಪದ ಕೆಲಸ ಇನ್ನೂ ಸೂಕ್ಷ್ಮವಾದುದು. ಹಿಂದೆ ಗೋಧಿಯ ಕಾಳಿನಷ್ಟು ಚಿಕ್ಕ ಬಲ್ಬುಗಳನ್ನು ಬಳಸುತ್ತಿದ್ದರು. ಅವು ಕಾವೇರಿ ಪ್ಲಾಸ್ಟಿಕ್ಕಿನ ಗೋಡೆಗಳನ್ನು ಮೆತ್ತಗಾಗಿಸುತ್ತಿದ್ದವು, ಸುಟ್ಟುಹೋದಾಗ ಮಾಡನ್ನು ಕೀಳಬೇಕಾಗುತ್ತಿತ್ತು. ಈಗ ಅವುಗಳ ಸ್ಥಾನದಲ್ಲಿ ಎಲ್‌ಇಡಿ ಬಂದಿದೆ. ಬಿಳಿಯ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು. 12 ವೋಲ್ಟಿನ ಮೂಲಕ್ಕೆ ಅದನ್ನು ನೇರವಾಗಿ ಜೋಡಿಸಿದರೆ ಕ್ಷಣಮಾತ್ರದಲ್ಲಿ ಅದರ ಕಥೆ ಮುಗಿಯುತ್ತದೆ. ಉಳಿದ 9 ವೋಲ್ಟನ್ನು ತಾನು ಹೊರಲು ರೋಧಕವೊಂದು ನಡುವೆ ಇರಬೇಕು. 1000 ಓಮಿನದಾದರೆ 9 ಮಿಲಿ ಆಂಪಿಯರ್ ವಿದ್ಯುತ್ತು ಹರಿಯುತ್ತದೆ, ಪುಟ್ಟ ಕೋಣೆಗೆ ಅಷ್ಟು ಬೆಳಕು ಧಾರಾಳ. ಓಮನ ನಿಯಮವನ್ನು ಬಾಯಿಪಾಠ ಮಾಡಿ ಪೂರ್ಣಾಂಕ ಪಡೆದ ಬಾಲಕನೂ ಈ ಲೆಕ್ಕವನ್ನು ಮಾಡಲು ತಡವರಿಸಬಹುದು. ಎರಡು ಎಲ್‌ಇಡಿಗಳನ್ನು ಸುಟ್ಟ ಬಾಲಕ ತಡವರಿಸುವುದಿಲ್ಲ.

ದೀಪ ಹೊತ್ತಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕತ್ತಲೆಯಲ್ಲಿಟ್ಟು ನೋಡಿದಾಗ ರಟ್ಟಿನ ಗೋಡೆಗಳೇ ಕಂದೀಲಿನಂತೆ ಬೆಳಗುತ್ತಿರುತ್ತವೆ, ಮೂಲೆಗಳ ಸಂದಿನಿಂದ ಬೆಳಕು ಸೋರುತ್ತಿರುತ್ತದೆ. ಒಳಮೈಗೆ ಕಪ್ಪು ಬಣ್ಣ ಬಳಿಯಬೇಕು, ಮೂಲೆಗಳಿಗೆ ಕಪ್ಪು ಕಾಗದದ ಪಟ್ಟಿ ಕೊಡಬೇಕು. ಕೋಣೆಗಳ ನಡುವೆ ಅಡ್ಡಗೋಡೆಗಳಿಲ್ಲದಿದ್ದರೆ ಎಲ್ಲ ಕಿಟಕಿಗಳೂ ಒಂದೇ ಸಮನೆ ಹೊಳೆಯುತ್ತವೆ. ಯಾವ ಮನೆಯಲ್ಲಿ ಹಾಗಿರುತ್ತದೆ? ಟಿಕೆಟ್ ಕೊಡುವ ಕೋಣೆಯಲ್ಲಿ ದೀಪವಿದ್ದು ಉಗ್ರಾಣ ಕತ್ತಲಾಗಿರಬೇಕು. ಲಾಂದ್ರದ ಕಾಲದ ನಿಲ್ದಾಣವಾದರೆ ಬೆಳಕು ಹಳದಿಗೆ ತಿರುಗಿರಬೇಕು. ದೀಪದ ತಂತಿಯನ್ನು ಹಳಿಯ ವಿದ್ಯುತ್ತಿಗೆ ಸೇರಿಸಬಾರದು; ಸೇರಿಸಿದರೆ, ಹಳಿಯ ವೋಲ್ಟನ್ನು ಏರಿಳಿಸಿ ಓಡಿಸುವ ಹಳೆಯ ಪದ್ಧತಿಯಲ್ಲಿ, ರೈಲು ನಿಂತೊಡನೆ ಊರೇ ಕತ್ತಲಾಗುತ್ತದೆ. ಇವೆಲ್ಲವೂ ಯಾವ ಪಠ್ಯಪುಸ್ತಕದ ಯಾವ ಪಾಠಕ್ಕೆ ಸೇರುತ್ತವೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಭೌತವಿಜ್ಞಾನಕ್ಕೂ ಸೇರುತ್ತವೆ, ಚಿತ್ರಕಲೆಗೂ ಸೇರುತ್ತವೆ, ಊರಿನ ಇತಿಹಾಸಕ್ಕೂ ಸೇರುತ್ತವೆ.

ಇನ್ನು ಶಾಲೆಗಳ ವಸ್ತುಪ್ರದರ್ಶನಗಳ ಸ್ಥಿತಿಯನ್ನು ನೋಡಬೇಕು. ಪೇಟೆಯಲ್ಲಿ ಹಣ ತೆತ್ತು ಮಾಡಿಸಿದ ಥರ್ಮೋಕೋಲಿನ ಭವನಗಳು ಮಿಣಿಮಿಣಿ ದೀಪಗಳೊಡನೆ ಮುಂದಿನ ಸಾಲಿನಲ್ಲಿ ವಿರಾಜಿಸುತ್ತವೆ. ಮೂಲೆಯಲ್ಲಿ ತುಸು ವಾರೆಯಾಗಿ ನಿಂತ, ಅಂಟಿನ ಕಲೆ ಕಾಣುವ ರಟ್ಟಿನ ಮನೆಯ ಕಡೆಗೆ ಅತಿಥಿಗಳ ದೃಷ್ಟಿ ಹಾಯುವುದಿಲ್ಲ. ಬಹುಮಾನ ಎಲ್ಲಿಗೆ ಹೋಗುತ್ತದೆಂಬುದನ್ನು ಬರೆಯಬೇಕಾಗಿಲ್ಲ. ಆ ಬಹುಮಾನದಿಂದ ಒಬ್ಬ ಬಾಲಕ ಮೋಸವನ್ನು ಕಲಿಯುತ್ತಾನೆ, ಇನ್ನೊಬ್ಬ ತನ್ನ ಕೈಗಳ ಬಗ್ಗೆ ನಾಚಿಕೆಯನ್ನು ಕಲಿಯುತ್ತಾನೆ. ಎರಡನೆಯದು ಹೆಚ್ಚು ದೊಡ್ಡ ನಷ್ಟ. ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನ, ಬಿದಿರು ಸೀಳಿ ಬುಟ್ಟಿ ಹೆಣೆದ ಮೇದರ ಕೇತಯ್ಯನ ಹೆಸರನ್ನು ಬಸವ ಜಯಂತಿಯ ವೇದಿಕೆಯಿಂದ ಸ್ತುತಿಸುವ ಸಂಸ್ಥೆಗಳು ತಮ್ಮ ಮಕ್ಕಳ ಕೈಗೆ ಕತ್ತರಿಯನ್ನೂ ಕೊಡಲು ಹಿಂಜರಿಯುವುದು ಕಾಯಕತತ್ತ್ವಕ್ಕೆ ಒಪ್ಪುವ ನಡತೆಯಲ್ಲ.

ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆ ಕಾಲವೆಲ್ಲಿ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತನೆಯ ತರಗತಿಯ ಮಕ್ಕಳನ್ನು ಇದರಿಂದ ಬಿಡಬಹುದು. ಎಂಟನೆಯ ತರಗತಿಯವರಿಗೆ ವಾರಕ್ಕೆ ಎರಡು ಅವಧಿ ದೊರೆತರೂ ಒಂದು ವರ್ಷದಲ್ಲಿ ಒಂದು ಕಟ್ಟಡ ಮೇಲೇಳುತ್ತದೆ. ಕೈ ಕೊಯ್ದುಕೊಂಡಾರೆಂಬ ಭಯವೂ ಇದೆ. ಆದುದರಿಂದಲೇ ಬ್ಲೇಡು ಮತ್ತು ಬೆಸುಗೆಯ ಸಲಾಕಿಯ ಬಳಿ ಅಧ್ಯಾಪಕರು ಇರಬೇಕು; ಗೋಡೆಯ ವಿದ್ಯುತ್ತಿಗೆ ಮಕ್ಕಳ ಕೈ ತಾಗದಂತೆ ಬ್ಯಾಟರಿಯಿಂದಲೇ ದೀಪಗಳು ಉರಿಯಬೇಕು.

ದಾನಿಗಳಲ್ಲಿ ಒಂದು ಬಿನ್ನಹ. ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಸಿದ್ಧ ಮಾದರಿಗಳಿಗಾಗಿ ವೆಚ್ಚ ಮಾಡುವ ಹಣದ ಒಂದಂಶವನ್ನು ಕೈಗೆಲಸದ ಕೊಠಡಿಯೊಂದಕ್ಕೆ ಕೊಟ್ಟರೆ ಸಾಕು. ಗಟ್ಟಿಯಾದ ಎರಡು ಮೇಜು, ಉಕ್ಕಿನ ಅಳತೆಪಟ್ಟಿಗಳು, ಕತ್ತರಿ, ಅಂಟು, ಬೆಸುಗೆಯ ಸಲಾಕಿ, ಒಂದಿಷ್ಟು ಎಲ್‌ಇಡಿ ಮತ್ತು ತಂತಿ. ರಟ್ಟು ಹಳೆಯ ನೋಟುಪುಸ್ತಕಗಳ ಹೊದಿಕೆಯಿಂದಲೇ ಒದಗುತ್ತದೆ. 1992ರಲ್ಲಿ ಮೊದಲಾದ ಏಕಗೇಜು ಯೋಜನೆಯಿಂದ ಮೀಟರ್ ಗೇಜಿನ ಹಳಿಗಳು ಅಗಲವಾದಂತೆ, ಹೆಂಚಿನ ಮಾಡಿನ ಸಣ್ಣ ನಿಲ್ದಾಣಗಳು ಎಷ್ಟೋ ಕಡೆ ಕಣ್ಮರೆಯಾಗಿವೆ. ಸಮೀಪದಲ್ಲಿ ಅಂಥದೊಂದು ಇನ್ನೂ ನಿಂತಿದ್ದರೆ ಮಕ್ಕಳು ಅದನ್ನೇ ಮೊದಲ ಕಟ್ಟಡವಾಗಿ ಆರಿಸಿಕೊಳ್ಳಲಿ. ಅಳತೆಪಟ್ಟಿ ಹಿಡಿದು ಹೊರಡುವ ಮುನ್ನ ಸ್ಟೇಷನ್ ಮಾಸ್ತರರ ಅನುಮತಿ ಪಡೆಯುವುದಷ್ಟೇ ಮುಖ್ಯೋಪಾಧ್ಯಾಯರ ಪಾಲಿಗೆ ಉಳಿಯುವ ಕೆಲಸ.