ಇಂಗ್ಲಿಷು ನುಡಿಗಟ್ಟುಗಳನ್ನು ಕಲಿಯುವ ಬಗೆ

ಹೆಣ್ಣುಮಕ್ಕಳಿಂದ ಇಂಗ್ಲಿಷು ನುಡಿಗಟ್ಟುಗಳನ್ನು ಇನ್ನೂ ಹೆಚ್ಚಾಗಿ ಬಾಯಿಪಾಠ ಮಾಡಿಸಬೇಕೆಂದು ತಡಸದ ಮತ್ತು ಸುತ್ತಲಿನ ಗ್ರಾಮಗಳ ಪಾಲಕರು ನಮ್ಮನ್ನು ಆಗಾಗ ಕೇಳಿಕೊಳ್ಳುವದುಂಟು. ಅವರ ಹಂಬಲವು ಯೋಗ್ಯವಾದದ್ದೇ. ಆದರೆ ಅಂಗಡಿಯಲ್ಲಿ ದೊರೆಯುವ ಪಟ್ಟಿಯ ಪುಸ್ತಕಗಳಿಂದ ಈ ಕಾರ್ಯವು ಸಾಧಿಸದೆಂಬದು ನಮ್ಮ ಅಭಿಪ್ರಾಯವು.

‘ಕಿಕ್ ದಿ ಬಕೆಟ್’ ಎಂಬದಕ್ಕೆ ಇಂಥ ಪುಸ್ತಕಗಳು ‘ಸಾಯು’ ಎಂದಷ್ಟೇ ಅರ್ಥ ಕೊಟ್ಟು ಮುಂದಕ್ಕೆ ಸಾಗುತ್ತವೆ. ಅರ್ಥವೇನೋ ತಪ್ಪಲ್ಲ, ಆದರೆ ಅದು ಪರಿಹಾಸ್ಯದ ಮಾತು. ಗೆಳತಿಯ ತಂದೆಯು ತೀರಿಕೊಂಡಾಗ ನಮ್ಮ ಹುಡುಗಿಯು ಸಂತಾಪದ ಪತ್ರದಲ್ಲಿ ಅದನ್ನು ಬರೆದಳೆಂದರೆ, ದುಃಖದಲ್ಲಿರುವವರ ಮನಸ್ಸು ಎಷ್ಟು ನೊಂದೀತು! ಅದೇ ಹುಡುಗಿಯು ಕನ್ನಡದಲ್ಲಿ ಹೀಗೆ ಎಡವಲಾರಳು. ಲಿಂಗಾಯತರ ಮನೆಯಲ್ಲಿ ‘ಲಿಂಗೈಕ್ಯರಾದರು’ ಎನ್ನುವಳು. ನಮ್ಮ ಸಭೆಯವರಲ್ಲಿ ‘ಕರ್ತನಲ್ಲಿ ನಿದ್ರೆಹೋದರು’ ಎನ್ನುವಳು. ‘ಗೊಟಕ್ಕೆಂದರು’ ಎಂದು ಯಾರ ಅಜ್ಜನ ವಿಷಯದಲ್ಲಿಯೂ ಅನ್ನಳು. ಈ ವಿವೇಕವನ್ನು ಅವಳಿಗೆ ಯಾವ ಪಟ್ಟಿಯೂ ಕಲಿಸಲಿಲ್ಲ.

ನುಡಿಗಟ್ಟಿನೊಳಗಿನ ಶಬ್ದವನ್ನು ಬದಲಿಸಲಿಕ್ಕೂ ಬರುವದಿಲ್ಲ. ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿರಿ’ ಎಂದರೆ ಕ್ಷಮಾಯಾಚನೆ. ‘ಉದರಕ್ಕೆ ಹಾಕಿಕೊಳ್ಳಿರಿ’ ಎಂದರೆ ನಗೆಗೇಡು. ಬಕೆಟ್ಟಿನ ಬದಲು ‘ಪೇಲ್’ ಎಂದರೂ ಅದೇ ಗತಿ.

ಶಬ್ದಕ್ಕೆ ಶಬ್ದವಿಟ್ಟು ಭಾಷಾಂತರಿಸುವದು ಇನ್ನೂ ಅಪಾಯಕರವು. ‘ಕೈ ತೊಳೆದುಕೊಳ್ಳುವದು’ ಎಂಬ ಇಂಗ್ಲಿಷು ಮಾತು ಪಿಲಾತನ ಕಥೆಯಿಂದ (ಮತ್ತಾಯ 27:24) ಬಂದದ್ದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಹೊಣೆಯನ್ನು ಬಿಟ್ಟುಬಿಡುವದೆಂದು ಅದರ ಭಾವವು. ನಮ್ಮ ಕಡೆಯಲ್ಲಾದರೋ ‘ಕೈ ತೊಳೆದುಕೊಂಡು ಬೆನ್ನು ಹತ್ತಿದ’ ಎಂದರೆ ಬಿಡದೆ ಕಾಡಿದನೆಂದೇ ಅರ್ಥ! ಕೈಯೂ ಒಂದೇ, ನೀರೂ ಒಂದೇ. ಅರ್ಥ ಮಾತ್ರ ತದ್ವಿರುದ್ಧ.

1853ರಲ್ಲಿ ಬಾಸೆಲ್ ಮಿಶನ್ನಿನಿಂದ ಭಾರತಕ್ಕೆ ಬಂದು ಧಾರವಾಡದ ಸೀಮೆಯಲ್ಲಿಯೂ ಸೇವೆ ಮಾಡಿದ ಕಿಟ್ಟೆಲ್ ಸಾಹೇಬರು ಈ ತೊಡಕನ್ನು ಚೆನ್ನಾಗಿ ಅರಿತಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಅರ್ಥದ ಜೊತೆಗೆ ಪ್ರಯೋಗಗಳೂ ಗಾದೆಗಳೂ ಇವೆ. ನಮ್ಮ ಸೀಮೆಯ ಮಾತುಗಳಿಗೆ ಬೇರೆಯ ಗುರುತೇ ಉಂಟು. ಪರದೇಶಸ್ಥರೊಬ್ಬರು ನಮ್ಮ ನುಡಿಗೆ ಸಲ್ಲಿಸಿದ ಈ ಮರ್ಯಾದೆಯನ್ನು ನಾವು ಇಂಗ್ಲಿಷಿಗೂ ಸಲ್ಲಿಸಬೇಡವೇ?

ಆದುದರಿಂದ ನೂರು ನುಡಿಗಟ್ಟುಗಳ ಬದಲು ಇಪ್ಪತ್ತನ್ನೇ ಕಲಿಸುವದು ಲೇಸೆಂದು ನಾವು ತಿಳಿಯುತ್ತೇವೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಆಡುವ ಮಾತೆಂಬದನ್ನು ಹುಡುಗಿಯು ಬರೆಯಬೇಕು. ಅದರ ಮಗ್ಗುಲಿಗೆ ಮನೆಯಲ್ಲಿ ಕೇಳಿದ ಸರಿಜೋಡಿ ಮಾತನ್ನೂ ಬರೆಯಬೇಕು. ಅವಳು ಅದಕ್ಕಾಗಿ ಅಜ್ಜಿಯ ಬಳಿಯಲ್ಲಿ ಕುಳಿತಾಗ, ‘ಹಳ್ಳಿಯ ಮಾತು ಸಾಕು, ಇಂಗ್ಲಿಷು ಓದು’ ಎಂದು ಗದರಿಸದೆ ಅರ್ಧ ತಾಸು ಬಿಟ್ಟುಕೊಡಬೇಕೆಂದು ಪಾಲಕರಲ್ಲಿ ನಮ್ಮ ವಿನಂತಿಯು.