ಇಳಿತದಿಂದ ಎಣಿಕೆ

ಈ ಸಂಚಿಕೆಗೆ ಬಂದ ಅನುವಾದಿತ ಪ್ರಬಂಧವೊಂದರಲ್ಲಿ ಇಂಗ್ಲಿಷಿನ ‘ಎಬ್ ಆಂಡ್ ಫ್ಲೋ’ ಎಂಬ ನುಡಿಗಟ್ಟು ‘ಏರುಪೇರು’ ಎಂದಾಗಿತ್ತು. ಕರಡು ತಿದ್ದುತ್ತಿದ್ದ ಪೆನ್ನು ಅಲ್ಲೇ ನಿಂತಿತು. ಆರೋಗ್ಯದಲ್ಲಿ ಏರುಪೇರಾದರೆ ವೈದ್ಯರನ್ನು ಕಾಣುತ್ತೇವೆ. ಕಡಲು ಏರಿ ಇಳಿದರೆ ಯಾರನ್ನು ಕಾಣುವುದು?

ಕನ್ನಡದಲ್ಲಿ ಇಂಥ ಮಾತುಗಳಿಗೆ ಬರವಿಲ್ಲ. ಬೆಲೆಗೂ ದನಿಗೂ ಏರಿಳಿತ, ಬದುಕಿಗೆ ಏಳುಬೀಳು, ಕ್ರಮ ತಪ್ಪಿದ್ದಕ್ಕೆ ಏರುಪೇರು. ಕಡಲಿಗೆ ಉಬ್ಬರವಿಳಿತ, ಕರಾವಳಿಯ ಬಾಯಲ್ಲಿ ಭರತ-ಇಳಿತ. ‘ಎಬ್ ಆಂಡ್ ಫ್ಲೋ’ ಹುಟ್ಟಿದ್ದೂ ಕಡಲಲ್ಲೇ. ಎಬ್ ಎಂದರೆ ಇಳಿತ, ಫ್ಲೋ ಎಂದರೆ ಉಬ್ಬರ. ಪೇಟೆಯ ಜನಸಂದಣಿ, ಗೆಳೆಯರ ಮಾತುಕತೆ, ವರ್ಷದ ವ್ಯಾಪಾರ, ಹೀಗೆ ಹೋಗಿ ಮತ್ತೆ ಬರುವ, ಒಳಗೊಂದು ಲಯವಿರುವ ಬದಲಾವಣೆಗಳಿಗೆಲ್ಲ ಆ ಮಾತು ಒಗ್ಗುತ್ತದೆ. ಒಮ್ಮೆ ಕುಸಿದು ಮತ್ತೆ ಏಳದ್ದಕ್ಕೆ ಒಗ್ಗುವುದಿಲ್ಲ. ‘ಏರುಪೇರು’ ಹೊಡೆದುಹಾಕಿ ‘ಉಬ್ಬರವಿಳಿತ’ ಎಂದು ಬರೆದೆವು.

ಬರೆದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ‘ಏರುಪೇರು’ ಬಿಟ್ಟರೆ ನಮ್ಮ ಈ ಜೋಡಿಮಾತುಗಳಲ್ಲಿ ಏರುವುದು ಮೊದಲು, ಇಳಿಯುವುದು ಕೊನೆಗೆ. ಇಂಗ್ಲಿಷಿನ ಮಾತು ಇಳಿತದಿಂದ ಹೊರಟು ಉಬ್ಬರದಲ್ಲಿ ನಿಲ್ಲುತ್ತದೆ.

ನಮ್ಮ ಕಾಸರಗೋಡಿನ ವಿದ್ಯಾನಗರಕ್ಕೆ ಚಂದ್ರಗಿರಿ ಹೊಳೆ ದೂರವಿಲ್ಲ. ದಿನಕ್ಕೆರಡು ಸಲ ಕಡಲು ಅಳಿವೆ ದಾಟಿ ಹೊಳೆಯೊಳಗೆ ಬರುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಕುಡಿಯುವ ನೀರೆತ್ತುವ ಬಾವಿಕ್ಕರದವರೆಗೂ ಉಪ್ಪುನೀರು ಏರಿ, ಕಾಸರಗೋಡಿನ ನಲ್ಲಿಗಳಲ್ಲಿ ಉಪ್ಪು ಹರಿದ ವರ್ಷಗಳನ್ನು ಇಲ್ಲಿನವರು ಮರೆತಿಲ್ಲ. ಮರಳಚೀಲದ ತಾತ್ಕಾಲಿಕ ಒಡ್ಡುಗಳ ಕಾಲ ಕಳೆದು ಅಲ್ಲಿ ಶಾಶ್ವತ ಕಟ್ಟ ಎದ್ದದ್ದು ಬಹಳ ತಡವಾಗಿ. ಉಬ್ಬರ ಚಂದ್ರನ ಕೆಲಸ. ಸಿಹಿನೀರು ಉಳಿಸಿಕೊಳ್ಳುವುದು ಮನುಷ್ಯರ ಕೆಲಸ.

ಕಾಸರಗೋಡಿನ ಕನ್ನಡದ ಬಗ್ಗೆ ಬರೆಯುವವರಿಗೂ ಉಬ್ಬರವಿಳಿತ ಪ್ರಿಯವಾದ ಮಾತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಈ ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ನೆಲ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು, ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು 2015ರಲ್ಲಿ ನೂರು ತುಂಬಿ ಅಗಲುವವರೆಗೂ ಕರ್ನಾಟಕ ಸೇರುವ ಆಸೆ ಬಿಡಲಿಲ್ಲ. ‘ಇಳಿದದ್ದು ಏರಲೇಬೇಕು’ ಎಂದು ನಮ್ಮ ಸಭೆಗಳಲ್ಲಿ ಇಂದಿಗೂ ಕೇಳುತ್ತೇವೆ. ಆ ಸಮಾಧಾನ ನಮ್ಮನ್ನು ಕೈಕಟ್ಟಿ ಕೂರಿಸುತ್ತದೆ ಎಂಬುದೇ ನಮ್ಮ ಆತಂಕ. ನುಡಿಯನ್ನು ಎಳೆದು ತರುವ ಚಂದ್ರ ಆಕಾಶದಲ್ಲಿಲ್ಲ.

ತಾನಾಗಿ ಏರುವುದಕ್ಕೂ ನಾವೇ ಏರಿಸಬೇಕಾದದ್ದಕ್ಕೂ ಇರುವ ವ್ಯತ್ಯಾಸ ಇಲ್ಲಿನ ತೋಟದವರಿಗೆ ತಿಳಿದಿತ್ತು. ಅಡಿಕೆಯ ಬೆಲೆ ನೆಲ ಕಚ್ಚಿದಾಗ ಅದು ತಾನಾಗಿ ಏರಲಿ ಎಂದು ಅವರು ಕಾಯಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕರ್ನಾಟಕ, ಕೇರಳ ಎರಡರ ಬೆಳೆಗಾರರೂ ಸೇರಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಕಟ್ಟಿದರು. ಬೆಲೆ ಆಮೇಲೂ ಏರಿತು, ಇಳಿಯಿತು. ಇಳಿದಾಗ ಕೈಹಿಡಿಯಲು ಒಂದು ಸಂಸ್ಥೆ ಇತ್ತು.

ಕನ್ನಡಕ್ಕೂ ಅಂಥ ಕಟ್ಟೆಗಳಿವೆ. 1957ರಲ್ಲಿ ಶುರುವಾದ, ವಿದ್ಯಾನಗರದ ಸರ್ಕಾರಿ ಕಾಲೇಜಿನಲ್ಲಿ ಸ್ನಾತಕೋತ್ತರ ತರಗತಿಯವರೆಗೂ ಕನ್ನಡ ಕಲಿಯಬಹುದು. ಆದರೆ ಅಲ್ಲಿಗೆ ಬರುವ ವಿದ್ಯಾರ್ಥಿ ಮೊದಲು ಊರಿನ ಕನ್ನಡ ಶಾಲೆಯ ಒಂದನೇ ತರಗತಿಯಲ್ಲಿ ಕೂತಿರಬೇಕು. ಕೇರಳದ ಶಾಲೆಗಳು ತೆರೆಯುವುದು ಜೂನ್‌ನಲ್ಲಿ. ಮಗುವಿನ ಅರ್ಜಿಯಲ್ಲಿ ‘ಮಾಧ್ಯಮ’ ಎಂಬ ಪದದ ಎದುರು ಒಂದು ಖಾಲಿ ಗೆರೆ ಇರುತ್ತದೆ. ಈ ಊರಿನ ಕನ್ನಡದ ಉಬ್ಬರ ಶುರುವಾಗುವುದಿದ್ದರೆ ಆ ಗೆರೆಯ ಮೇಲೆ, ತಂದೆತಾಯಿಯ ಕೈಬರಹದಲ್ಲಿ.

— ಸಂಪಾದಕ