ಒಂದು ‘ಸಿ’ಯ ಸಲುವಾಗಿ

ಮದುವೆಯಾಗಿ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಬಂದಾಗ ನನ್ನ ಹೆಸರಿನ ಮೊದಲಿದ್ದ ‘ಸಿ.ಎನ್.’ ಹೋಗಿ ‘ಸಿ.ಆರ್.’ ಬಂತು. ಎನ್ ಅಪ್ಪನದು, ಆರ್ ನಮ್ಮ ಯಜಮಾನರದು. “ಸಿ ಉಳೀತಲ್ಲಮ್ಮ” ಎಂದು ಅತ್ತೆಯವರು ಸಮಾಧಾನ ಹೇಳಿದರು. ಉಳಿದದ್ದು ಅಕ್ಷರ, ಅದರೊಳಗಿನ ಊರು ಬೇರೆಯಾಗಿತ್ತು.

ಆಗ ನಕ್ಕು ಸುಮ್ಮನಾದೆ. ಅಮ್ಮ ತೀರಿಕೊಂಡ ಮೇಲೆ ಅವಳು ನನ್ನ ಹೆಸರಿಗೆ ಬರೆಸಿಟ್ಟಿದ್ದ ಠೇವಣಿ ತರಲು ಹೋದೆನಲ್ಲ, ಆಗ ನಗು ಬರಲಿಲ್ಲ. ಅಮ್ಮ ಬರೆಸಿದ್ದು ಸಿ.ಎನ್., ನನ್ನ ರೇಷನ್ ಕಾರ್ಡಿನಲ್ಲಿದ್ದದ್ದು ಸಿ.ಆರ್. “ಇಬ್ಬರೂ ಒಬ್ಬರೇ ಅನ್ನೋದಕ್ಕೆ ಅಫಿಡವಿಟ್ ತನ್ನಿ” ಎಂದರು. ನಾನು ನಾನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ನಾಲ್ಕು ತಿಂಗಳು ಅಲೆದೆ. ತಮ್ಮನ ಪಾಲು ಅವನಿಗೆ ಒಂದೇ ವಾರದಲ್ಲಿ ಸಿಕ್ಕಿತು. ಅವನಿಗೂ ಮದುವೆಯಾಗಿತ್ತು.

ಈಗ ಮಗಳ ಮದುವೆ ಗೊತ್ತಾಗಿದೆ. ಹುಡುಗ ಹೊರದೇಶದಲ್ಲಿದ್ದಾನೆ. “ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆಗೆ ಗಂಡನ ಹೆಸರು ಹಾಕಿಸಿಬಿಡಿ, ಇಂಗ್ಲಿಷರಲ್ಲೂ ಅದೇ ಪದ್ಧತಿ” ಎಂದು ಬೀಗರ ಅಪ್ಪಣೆ.

ಆ ಪದ್ಧತಿ ಎಂಥದ್ದು ನೋಡೋಣ. ನಮ್ಮ ಮಹಡಿ ಹತ್ತಿದರೆ ಒಂದು ಕಡೆ ಸ್ಕಂದಗಿರಿ, ಇನ್ನೊಂದು ಕಡೆ ನಂದಿಬೆಟ್ಟ. (ಹಳ್ಳಿಯವರು ಸ್ಕಂದಗಿರಿಯನ್ನು ಕಳವಾರದ ಬೆಟ್ಟ ಎನ್ನುತ್ತಾರೆ. ಬೆಟ್ಟವನ್ನು ಯಾರೂ ಅಫಿಡವಿಟ್ ಕೇಳಿಲ್ಲ.) ನಂದಿಯ ಮೇಲೆ ಕಬ್ಬನ್ ಸಾಹೇಬರ ಬಂಗಲೆ ಇದೆ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಮಾರ್ಕ್ ಕಬ್ಬನ್, ಇಂಗ್ಲೆಂಡಿನ ಪಕ್ಕದ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವರು. ಅಲ್ಲಿನ ಹಳೆಯ ನುಡಿಯಲ್ಲಿ ‘ಮ್ಯಾಕ್’ ಎಂದರೆ ಮಗ. ಗಿಬ್ಬನ್ ಎಂಬುವನ ಮಗ ‘ಮ್ಯಾಕ್ ಗಿಬ್ಬನ್’. ಅದೇ ಜನರ ನಾಲಿಗೆಯಲ್ಲಿ ಸವೆದು ಕಬ್ಬನ್ ಆಯಿತು ಎನ್ನುತ್ತಾರೆ. ಅವರ ಹೆಸರಿನ ಮೊದಲ ‘ಸಿ’ ಆ ‘ಮಗ’ನ ಚೂರು! ಜಾನ್ಸನ್, ವಿಲ್ಸನ್ ಕೂಡ ಯಾರದೋ ಮಗನೇ. ಸ್ಮಿತ್ ಎಂದರೆ ಕಮ್ಮಾರ. ಕುಲುಮೆಯ ಮುಖ ಕಾಣದವಳೂ ಅವನನ್ನು ಕಟ್ಟಿಕೊಂಡರೆ ಮಿಸೆಸ್ ಕಮ್ಮಾರ. ಯಾವ ಕಾಲದವನೋ ಒಬ್ಬ ಗಿಬ್ಬನ್ನನ ಮಗನಾದದ್ದಕ್ಕೆ ಇಂದಿನ ಹೆಣ್ಣು ಹೆಸರು ಬಿಡಬೇಕೇ?

ನಮ್ಮವರೇನು ಕಡಿಮೆ? ಇಲ್ಲೇ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ‘ಎಂ’ ಮೋಕ್ಷಗುಂಡಂ. ಆಂಧ್ರದ ಆ ಊರನ್ನು ಅವರ ಹಿರಿಯರು ಎಂದೋ ಬಿಟ್ಟು ಬಂದರೂ ಹೆಸರಿನಲ್ಲಿ ಊರು ತಲೆಮಾರುಗಳ ಕಾಲ ಉಳಿಯಿತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಚಿಂತಾಮಣಿ ನನ್ನ ಹೆಸರಿನಲ್ಲಿ ಧಾರೆಯ ನೀರು ಆರುವವರೆಗೂ ಉಳಿಯಲಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ 1927ರಲ್ಲಿ ಚಾಮರಾಜೇಂದ್ರರ ಹೆಸರಿಟ್ಟರು. ಜನ ಈಗಲೂ ಕಬ್ಬನ್ ಪಾರ್ಕ್ ಎಂದೇ ಕರೆಯುತ್ತಾರೆ. ಗಂಡಸಿನ ಹೆಸರು ತೆಗೆದರೂ ಹೋಗುವುದಿಲ್ಲ, ನೋಡಿ.

ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಪಾಸ್‌ಪೋರ್ಟಿಗೂ ಬೇಕಿಲ್ಲವೆಂದು 2017ರಲ್ಲಿ ಪ್ರಧಾನಿಗಳೇ ಹೇಳಿದ್ದಾರೆ. ಖಾನೆ ತುಂಬಲೇಬೇಕೆಂದಿದ್ದರೆ ನನ್ನ ಮಗಳು ಅಲ್ಲಿ ಚಿಕ್ಕಬಳ್ಳಾಪುರ ಎಂದು ಬರೆಯುತ್ತಾಳೆ. ಬೀಗರಿಗೆ ಹೇಳಿಕಳಿಸಿ ಎಂಟು ದಿನವಾಯಿತು, ಉತ್ತರವಿಲ್ಲ. ಛತ್ರಕ್ಕೆ ಮುಂಗಡ ಕೊಟ್ಟಾಗಿದೆ.